ಸೂಜಿಗಣ್ಣಿನ ಅಗಲೀಕರಣ: ಒಂದು ಶಾಸ್ತ್ರೀಯ ವಿವೇಚನೆ

ಪೂರ್ವಪಕ್ಷ. ಸಾಹುಕಾರ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಗಣ್ಣಿನಲ್ಲಿ ನುಗ್ಗುವುದು ಸುಲಭ ಎಂದು ಒಂಟೆ, ಸೂಜಿ, ಸಾಹುಕಾರ ಈ ಮೂವರನ್ನು ಸೇರಿಸಿ ಯೇಸು ಆಡಿದ ಮಾತು ಮತ್ತಾಯ, ಮಾರ್ಕ, ಲೂಕ ಮೂರೂ ಸುವಾರ್ತೆಗಳಲ್ಲಿದೆ. ಸಾಕ್ಷಿಗಳು ಮೂವರಾದ್ದರಿಂದ ಮಾತನ್ನೇ ಅಲ್ಲಗಳೆಯುವ ದಾರಿ ಪಂಡಿತರಿಗೆ ಮುಚ್ಚಿಹೋಯಿತು. ಉಳಿದದ್ದು ಎರಡು ಉಪಾಯ: ಒಂಟೆಯನ್ನು ಸೊರಗಿಸುವುದು, ಇಲ್ಲವೇ ಸೂಜಿಗಣ್ಣನ್ನು ಅಗಲ ಮಾಡುವುದು. ಮೊದಲನೆಯದಕ್ಕೆ ಒಂಟೆಯ ಒಪ್ಪಿಗೆಯಿಲ್ಲ.

ಅಗಲೀಕರಣದ ಮೊದಲ ಕಾಮಗಾರಿ ಜೆರುಸಲೇಮಿನಲ್ಲಿ ನಡೆಯಿತು. ಅಲ್ಲಿ 'ಸೂಜಿಗಣ್ಣು' ಎಂಬ ಕಿರುಬಾಗಿಲಿತ್ತು, ಹೇರು ಇಳಿಸಿ ಮಂಡಿಯೂರಿದರೆ ಒಂಟೆ ಒಳಗೆ ನುಸುಳುತ್ತಿತ್ತು ಎಂದು ಮಧ್ಯಯುಗದಿಂದ ವ್ಯಾಖ್ಯಾನವಿದೆ. ಅಂಥ ಬಾಗಿಲಿಗೆ ಪುರಾವೆ ಮಾತ್ರ ಸಿಕ್ಕಿಲ್ಲ. ಇಲ್ಲದ ಬಾಗಿಲಿಗೆ ಅಳತೆಯ ತಕರಾರಿಲ್ಲ, ಅದೊಂದು ಅನುಕೂಲ.

ಇನ್ನು ಅಗಲೀಕರಣಕ್ಕೆ ಪ್ರಯೋಗಸಿದ್ಧ ಪ್ರಮಾಣ: ಜರ್ಮನಿಯ ಆಗ್ಸ್‌ಬರ್ಗಿನ ಯಾಕೊಬ್ ಫುಗರ್ (1459–1525). ಬೆಳ್ಳಿ, ತಾಮ್ರ, ಲೇವಾದೇವಿ ಅವನ ಕಸುಬು. 1519ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯಾಗಲು ಸುರಿದ ಸುಮಾರು 8.5 ಲಕ್ಷ ಗಿಲ್ಡರಿನಲ್ಲಿ 5.4 ಲಕ್ಷ ಇವನ ಸಾಲ. ಇಂಥವನಿಗೆ ದೈವಭಕ್ತಿ ಇರಲಿಲ್ಲ ಎನ್ನುವಂತಿಲ್ಲ. ಅವನ ಲೆಕ್ಕಪುಸ್ತಕದಲ್ಲಿ ದಾನಧರ್ಮಕ್ಕೆಂದು ಸಂತ ಉಲ್ರಿಚ್ ಹೆಸರಿನಲ್ಲೇ ಖಾತೆಯಿತ್ತು. ಗಿರಾಕಿಗಳ ಸಾಲಿನಲ್ಲಿ ಸಂತರೂ ಒಬ್ಬರು.

ಬಡ್ಡಿ ಪಾಪ ಎಂದು ಧರ್ಮಸಭೆ ಹೇಳುತ್ತಿದ್ದ ಕಾಲವದು. 1515ರಲ್ಲಿ ದೇವತಾಶಾಸ್ತ್ರಜ್ಞ ಯೋಹಾನ್ ಎಕ್ ಬೊಲೊನ್ಯಾಕ್ಕೆ ಹೋಗಿ, ಶೇ. 5ರ ಬಡ್ಡಿಯಲ್ಲಿ ದೋಷವಿಲ್ಲವೆಂದು ವಾದಿಸಿದ. ಖರ್ಚು ಫುಗರನದು. ಐದರಲ್ಲಿಲ್ಲದ ಪಾಪ ಐದೂಕಾಲಕ್ಕೆ ಅಂಟುತ್ತದೆಯೇ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಶಾಸ್ತ್ರ ಪಕ್ವವಾದದ್ದು ಆಲ್‌ಬ್ರೆಕ್ಟ್ ಪ್ರಕರಣದಲ್ಲಿ. ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆಗಿದ್ದ ಈತ 1514ರಲ್ಲಿ ಮೈಂಟ್ಸ್ ಪೀಠವನ್ನೂ ಏರಿದ. ಅದಕ್ಕಾಗಿ ರೋಮಿಗೆ ಕಟ್ಟಬೇಕಾದ ಹಣವನ್ನು ಫುಗರ್ ಸಾಲ ಕೊಟ್ಟ. ಸಾಲ ತೀರಬೇಕಲ್ಲ? ಪಾಪ ಕ್ಷಮಾಪಣಾ ಪತ್ರಗಳ ಮಾರಾಟ ಶುರುವಾಯಿತು. ವಸೂಲಿಯಲ್ಲಿ ಅರ್ಧ ರೋಮಿನ ಸಂತ ಪೇತ್ರರ ಮಹಾದೇವಾಲಯಕ್ಕೆ, ಇನ್ನರ್ಧ ಫುಗರನ ಬಾಕಿಗೆ. ಪಾದ್ರಿ ಟೆಟ್ಸೆಲ್ ಸತ್ತವರ ಆತ್ಮಗಳ ಯಾತನೆಯ ಭಯ ಹುಟ್ಟಿಸಿ, ಬಿಡುಗಡೆಗೆಂದು ಪತ್ರ ಮಾರುತ್ತಿದ್ದರೆ, ಫುಗರನ ಗುಮಾಸ್ತ ಹುಂಡಿಯ ಬೀಗದ ಕೈ ಹಿಡಿದು ಜೊತೆಗಿರುತ್ತಿದ್ದ. ಈ ಅರ್ಧದ ಒಪ್ಪಂದ ಕಾಸು ಹಾಕಿದ ಬಡವರಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ, ಸತ್ತ ಅಪ್ಪನ ಆತ್ಮ ಸೊಂಟದವರೆಗೆ ಮಾತ್ರ ಬಿಡುಗಡೆಯಾಯಿತೇ ಎಂದು ಕೇಳುತ್ತಿದ್ದರೋ ಏನೋ.

ಆಕ್ಷೇಪ: ಇದರಲ್ಲಿ ಪಶ್ಚಾತ್ತಾಪ ಎಲ್ಲಿದೆ? ಸಮಾಧಾನ: ಪಶ್ಚಾತ್ತಾಪಕ್ಕೆ ದರ ನಿಗದಿಯಾಗದ ಕಾರಣ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇನ್ನೊಂದು ಆಕ್ಷೇಪ 1517ರಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರನಿಂದ ಬಂತು. ಅವನ 95 ವಾದಗಳಲ್ಲಿ 86ನೆಯದು, ಅಷ್ಟು ಸಿರಿವಂತರಾದ ಪೋಪ್ ಸ್ವಂತ ಹಣದಲ್ಲೇ ದೇವಾಲಯ ಕಟ್ಟಬಾರದೇಕೆ ಎಂಬ ಪ್ರಶ್ನೆ. ಸಾಹುಕಾರರನ್ನು ಹೀಗೆ ನೇರವಾಗಿ ಕೇಳುವುದು ಶಾಸ್ತ್ರಸಮ್ಮತವಲ್ಲ. 1519ರಲ್ಲಿ ಲೈಪ್‌ಜಿಗ್‌ನಲ್ಲಿ ಲೂಥರನೆದುರು ವಾದಕ್ಕೆ ನಿಂತದ್ದೂ ಅದೇ ಎಕ್.

ಫುಗರ್ 1521ರಲ್ಲಿ ಬಡ ಕ್ಯಾಥೊಲಿಕರಿಗೆ ಸ್ಥಾಪಿಸಿದ ವಠಾರ 'ಫುಗರೈ' ಇಂದಿಗೂ ಇದೆ. ಜನ ಬೆಚ್ಚಗಿದ್ದಾರೆ, ಅದನ್ನು ಅಲ್ಲಗಳೆಯುವಂತಿಲ್ಲ. ಮೂಲ ಬಾಡಿಗೆ ವರ್ಷಕ್ಕೆ 0.88 ಯೂರೊ, ಜೊತೆಗೆ ದಾನಿಯ ಮನೆತನಕ್ಕಾಗಿ ದಿನವೂ ಪರಲೋಕ ಮಂತ್ರ, ನಮೋ ಮರಿಯಾ, ವಿಶ್ವಾಸ ಸಂಗ್ರಹ. ಐನೂರು ವರ್ಷಗಳ ಈ ಕಂತು ಜಮಾ ಆಗಿದೆಯೇ ಎಂದು ತಾಳೆ ನೋಡಲು ಆ ಕಡೆಯ ಲೆಡ್ಜರ್ ಪ್ರಬಂಧಕಾರರ ಕೈಗೆ ಸಿಗಲಿಲ್ಲ.