ಸಂಚಕಾರ: ಬಳಸುವ ವಿಧಾನ

ಈ ಕೈಪಿಡಿ ಬೆಂಗಳೂರಿನಿಂದ ನರಸಿಂಹರಾಜಪುರಕ್ಕೆ ಮನೆ ಸಾಮಾನು ಸಾಗಿಸುವವರಿಗೆ. ಊರಿನಿಂದ ಬೆಂಗಳೂರಿಗೆ ಹೋಗುವವರು ಓದಬೇಕಾಗಿಲ್ಲ. ಅವರ ಬಳಿ ಒಂದು ಸೂಟ್‌ಕೇಸು, ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಬಿಟ್ಟರೆ ಬೇರೇನಿರುವುದಿಲ್ಲ. ರಾತ್ರಿ ಬಸ್ಸಿನ ಡಿಕ್ಕಿ ಸಾಕು. ಮೂವತ್ತು ವರ್ಷ ಬಿಟ್ಟು ವಾಪಸ್ ಬರುವಾಗ ಲಾರಿ ಬೇಕಾಗುತ್ತದೆ. ನನಗೆ ಹೋದ ಜೂನ್‌ನಲ್ಲಿ ಬೇಕಾಯಿತು. ಕೆಳಗಿನ ಸೂಚನೆಗಳಲ್ಲಿ ಕೆಲವು ಕಾನೂನಿನಿಂದ ಬಂದವು, ಹೆಚ್ಚಿನವು ನನ್ನ ಜೇಬಿನಿಂದ ಹೋದವು.

ಸಾಧನದ ಪರಿಚಯ

ನಾವೆಲ್ಲ ಅಡ್ವಾನ್ಸ್ ಅನ್ನುವ ವಸ್ತುವಿಗೆ ಮುಂಗಡ ಎಂಬ ಸಭ್ಯ ಹೆಸರಿದೆ. ಅದಕ್ಕೂ ಹಳೆಯ ಹೆಸರು ಸಂಚಕಾರ. ದನ ಕೊಳ್ಳುವಾಗ, ಫಸಲು ಗುತ್ತಿಗೆ ಹಿಡಿಯುವಾಗ, ‘ಮಾತು ಆಯ್ತು’ ಅನ್ನುವುದಕ್ಕೆ ಕೈಗೆ ಹಾಕುತ್ತಿದ್ದ ಕಾಸು. ಸಂಸ್ಕೃತದ ಸತ್ಯಂಕಾರ ನಮ್ಮ ಬಾಯಲ್ಲಿ ಸವೆದು ಹೀಗಾಯಿತು: ಆಡಿದ ಮಾತನ್ನು ಸತ್ಯ ಮಾಡುವುದು. ಅದೇ ಪದ ‘ಜೀವಕ್ಕೆ ಸಂಚಕಾರ’ ಅನ್ನುವಾಗ ಗಂಡಾಂತರ ಹೇಗಾಯಿತು ಎಂದು ತಿಳಿಯಲು ನಿಘಂಟು ತೆಗೆಯಬೇಕಿಲ್ಲ. ಒಮ್ಮೆ ಮನೆ ಖಾಲಿ ಮಾಡಿ ನೋಡಿ.

ಯಂತ್ರದ ಕೆಲಸ ಸರಳ. ಸಾಮಾನು ನಿಮ್ಮ ಹಜಾರದಲ್ಲಿ ಇರುವ ತನಕ ನೀವು ‘ಸಾರ್’. ಸಾಮಾನು ಲಾರಿಗೆ ಏರಿ ಹಿಂದಿನ ಬಾಗಿಲಿನ ಚಿಲಕ ಬಿದ್ದ ಮೇಲೆ ನೀವು ‘ಪಾರ್ಟಿ’. ಈ ಎರಡು ಸಂಬೋಧನೆಗಳ ನಡುವೆ ಎಷ್ಟು ದುಡ್ಡು ನಿಮ್ಮ ಕೈಬಿಟ್ಟಿದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಚಾಲನೆಗೆ ಮೊದಲು

ತಲುಪುವ ಸ್ಥಳ ಎಂಬ ಖಾನೆಯಲ್ಲಿ ಚಿಕ್ಕಮಗಳೂರು ಜಿಲ್ಲೆ ಎಂದು ಬರೆಸದೆ ಒಂದು ರೂಪಾಯಿಯನ್ನೂ ಹಾಕಬೇಡಿ. ನನಗೆ ಬಂದ ಮೊದಲ ದರ ಆರು ಸಾವಿರ. ಪ್ರಪಂಚದಲ್ಲಿ ಇನ್ನೂ ಒಳ್ಳೆಯವರಿದ್ದಾರೆ ಅಂದುಕೊಂಡೆ. ಹೆಂಡತಿಗೆ ಅನುಮಾನ ಬಂತು. ಮತ್ತೆ ಫೋನ್ ಮಾಡಿ ಕೇಳಿದರೆ, ಆ ಹುಡುಗ ಎನ್.ಆರ್.ಪುರವನ್ನು ಬೆಂಗಳೂರಿನದೇ ಕೆ.ಆರ್.ಪುರ ಅಂದುಕೊಂಡಿದ್ದ. ‘ಅಯ್ಯೋ, ಶೃಂಗೇರಿ ಕಡೆದಾ ಸಾರ್?’ ಅಂದವನು ದರವನ್ನು 34,000ಕ್ಕೆ ಏರಿಸಿದ. ತಪ್ಪು ಅವನೊಬ್ಬನದಲ್ಲ. ಯಡೇಹಳ್ಳಿ ಎಂದು ಚೆನ್ನಾಗಿಯೇ ಇದ್ದ ಊರಿಗೆ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದರೆಂದು 1915ರಲ್ಲಿ ಹೊಸ ಹೆಸರಿಟ್ಟೆವು. ಆಮೇಲೆ ಅಷ್ಟುದ್ದ ಯಾರು ಹೇಳುತ್ತಾರೆ ಎಂದು ಎರಡಕ್ಷರಕ್ಕೆ ಇಳಿಸಿದೆವು. ಯಡೇಹಳ್ಳಿ ಅಂದಿದ್ದರೆ ಅವನು ಕನಿಷ್ಠ ‘ಎಲ್ಲಿ ಬರುತ್ತೆ’ ಅಂತಾದರೂ ಕೇಳುತ್ತಿದ್ದ.

ಎಚ್ಚರಿಕೆ: ಮನೆ ನೋಡದೆ, ಫೋನಿನಲ್ಲೇ ದರ ಹೇಳಿ, ‘ಈಗಲೇ ಅಡ್ವಾನ್ಸ್ ಹಾಕಿದ್ರೆ ಈ ರೇಟು’ ಅನ್ನುವವರಿಂದ ದೂರ ಇರಿ. ಅವರಿಗೆ ನಿಮ್ಮ ಬೀರು ಬೇಕಾಗಿಲ್ಲ, ಅಡ್ವಾನ್ಸ್ ಬೇಕು. ‘ಕ್ಯಾನ್ಸಲ್ ಆಯ್ತು ಸಾರ್, ದುಡ್ಡು ವಾಪಸ್ ಕೊಡ್ತೀವಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದರೆ ಒತ್ತಬೇಡಿ. ಯುಪಿಐಯಲ್ಲಿ ದುಡ್ಡು ಪಡೆಯುವುದಕ್ಕೆ ಪಿನ್ ಬೇಡ, ಕಳೆದುಕೊಳ್ಳುವುದಕ್ಕೆ ಮಾತ್ರ ಬೇಕು. ಆಗಲೇ ಒತ್ತಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ; ಅದು ಸೈಬರ್ ವಂಚನೆಯ ಸಹಾಯವಾಣಿ.

ಕೊಟೇಶನ್ ಬಿಚ್ಚುವುದು

ಕೊಟೇಶನ್ನನ್ನು ಈರುಳ್ಳಿಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಬಿಚ್ಚಿ. ಬಾಡಿಗೆ, ಪ್ಯಾಕಿಂಗ್, ಲೋಡಿಂಗ್, ಅನ್‌ಲೋಡಿಂಗ್, ಟೋಲ್. ಅದರ ಕೆಳಗೆ ಎಫ್‌ಓವಿ ಎಂಬ ಮೂರಕ್ಷರ ಇರಬಹುದು. ನೀವು ಹೇಳಿದ ಸಾಮಾನಿನ ಬೆಲೆಯ ಮೇಲೆ ಶೇಕಡಾ ಇಷ್ಟು ಎಂದು. ನನ್ನದರಲ್ಲಿ 3 ಇತ್ತು. ‘ಇದು ಇನ್ಶೂರೆನ್ಸಾ?’ ಅಂದೆ. ‘ಅದೇ ಥರ ಸಾರ್’ ಅಂದರು. ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರು ಇರುವ ಕಾಗದ ಕೈಗೆ ಬಂದರೆ ವಿಮೆ. ಬರದಿದ್ದರೆ ‘ಅದೇ ಥರ’.

ತೀರಾ ಕೆಳಗೆ, ಇರುವೆ ಸಾಲಿನ ಅಕ್ಷರದಲ್ಲಿ, ‘ಅಡ್ವಾನ್ಸ್ ಯಾವುದೇ ಕಾರಣಕ್ಕೂ ವಾಪಸಿಲ್ಲ’ ಎಂದಿರುತ್ತದೆ. ಇದು ದೇವರ ಅಪ್ಪಣೆಯಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಮಾತು ಮುರಿದವರಿಂದ ವಸೂಲಾಗಬೇಕಾದ್ದು ನ್ಯಾಯವಾದ ಪರಿಹಾರ. ಕಾಗದದಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ ಅಷ್ಟೆ. ಆದರೆ ಮೂರು ಸಾವಿರಕ್ಕಾಗಿ 74ನೇ ಕಲಂ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವವರನ್ನು ನಾನಂತೂ ಕಂಡಿಲ್ಲ. ಅಡ್ವಾನ್ಸನ್ನು ಚಿಕ್ಕದಾಗಿ ಇಡುವುದೇ ನಮ್ಮಂಥವರ ಕಾಯ್ದೆ.

ಈಗ ಚೌಕಾಸಿ. 34,000ವನ್ನು ನಾನು 32,000ಕ್ಕೆ ಇಳಿಸಿ, ಸಂಜೆ ಹೆಂಡತಿಯ ಮುಂದೆ ಮೀಸೆ ತಿರುವಿದೆ. ಆಮೇಲೆ ತಿಳಿದದ್ದು: 2007ರ ಕ್ಯಾರಿಯೇಜ್ ಬೈ ರೋಡ್ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳ ಪ್ರಕಾರ, ಬೇರೆ ಮಾತಾಗಿ ಹೆಚ್ಚಿನ ದರ ಕೊಡದಿದ್ದರೆ, ಸಾಮಾನು ಹಾಳಾದಾಗ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಮುಗಿಯುತ್ತದೆ, ಅದೂ ನೀವು ಬರೆಸಿದ ಬೆಲೆಯನ್ನು ದಾಟದಂತೆ. ಬಾಡಿಗೆಯಲ್ಲಿ ನಾನು ಉಳಿಸಿದ್ದು ಎರಡು ಸಾವಿರ, ಅವರ ಹೊಣೆಯಲ್ಲಿ ಮನ್ನಾ ಮಾಡಿದ್ದು ಇಪ್ಪತ್ತು ಸಾವಿರ. ಮೀಸೆ ವಿಷಯ ಮತ್ತೆ ಎತ್ತಲಿಲ್ಲ.

ಕೊನೆಯ ಪ್ರಶ್ನೆ: ‘ಬಿಲ್ ಬೇಕಾ ಸಾರ್, ಬೇಡ್ವಾ?’ ಬೇಕು ಅಂದರೆ ಶೇ 18 ಜಿಎಸ್‌ಟಿ, 32,000ಕ್ಕೆ 5,760 ರೂಪಾಯಿ. ಬೇಕು ಅನ್ನಿ. ಸರ್ಕಾರಿ ಕಚೇರಿಯಲ್ಲಿ ಇಡೀ ಆಯುಸ್ಸು ಕಂಡವರ ವೋಚರ್‌ಗೆಲ್ಲ ಆಕ್ಷೇಪಣೆ ಬರೆದ ನಾನು ಬೇಡ ಅಂದೆ.

ದುಡ್ಡು ಬಿಡುವ ಹಂತಗಳು

ಬುಕ್ ಮಾಡುವಾಗ ಹತ್ತಕ್ಕೆ ಒಂದು ಪಾಲು. ಲೋಡ್ ಆಗಿ, ಸಾಮಾನಿನ ಪಟ್ಟಿಗೆ ಎರಡೂ ಕಡೆಯವರ ಸಹಿ ಬಿದ್ದ ಮೇಲೆ ದೊಡ್ಡ ಪಾಲು. ಡೀಸೆಲ್ಲು, ಡ್ರೈವರ್ ಬಾಟಾ ಅವರು ಅದರಲ್ಲೇ ನೋಡಿಕೊಳ್ಳಬೇಕು. ಉಳಿದದ್ದು ಸಾಮಾನು ಜಗಲಿ ಮುಟ್ಟಿದ ಮೇಲೆ. ಎಲ್ಲ ಕಂಪನಿ ಹೆಸರಿನ ಖಾತೆಗೆ, ‘ನಮ್ ತಮ್ಮನ ನಂಬರಿಗೆ ಹಾಕಿ ಸಾರ್’ ಅಂದರೆ ಇಲ್ಲ. ಹಮಾಲಿ ಹುಡುಗರ ಚಾ ಕಾಸು ಮಾತ್ರ ಕೈಗೆ, ಮತ್ತು ಮೊದಲೇ. ಕೊನೆಯಲ್ಲಿ ಕೊಡುವ ಚಾ ಕಾಸಿನಿಂದ ಒಡೆದ ಗಾಜು ಕೂಡುವುದಿಲ್ಲ.

ನಾನು ಬುಕ್ಕಿಂಗಿಗೆ 3,000, ಲೋಡಿಂಗಿಗೆ 20,000 ಕೊಟ್ಟೆ. ಬಾಕಿ 9,000 ಇರಬೇಕಿತ್ತು. ನಡುವೆ ಕುಂಡಗಳು ಬಂದವು. ನನ್ನ ಹೆಂಡತಿ ಬೆಂಗಳೂರಿನ ತಾರಸಿಯಲ್ಲಿ ಬೆಳೆಸಿದ 41 ಹೂಕುಂಡ ಪಟ್ಟಿಯಲ್ಲಿ ಇರಲಿಲ್ಲ. ಸೂಪರ್‌ವೈಸರ್ ಎಣಿಸಿದ, ತಲೆ ಕೆರೆದುಕೊಂಡ. ‘ಅಕ್ಕ, ಮಲೆನಾಡಿಗೆ ಮಣ್ಣು ಹೊತ್ಕೊಂಡು ಹೋಗ್ತಿರೋ ಪಾರ್ಟಿ ನೀವೇ ಫಸ್ಟು’ ಅಂದ. ಮಾತು ನಿಜ. ನಿಜಕ್ಕೆ 1,200 ರೂಪಾಯಿ ಹೆಚ್ಚಿಗೆ ಬಿತ್ತು.

ಡೋರ್ ಡೆಲಿವರಿ

ಈ ಸೌಲಭ್ಯ ಕೆಲಸ ಮಾಡಬೇಕಾದರೆ ಡೋರ್ ಎಂದರೇನು ಎಂಬ ಬಗ್ಗೆ ಎರಡೂ ಕಡೆಯವರಿಗೆ ಒಂದೇ ಅಭಿಪ್ರಾಯ ಇರಬೇಕು. ನಮ್ಮ ಮನೆ ಬಾಳೆಹೊನ್ನೂರು ರಸ್ತೆಯಿಂದ ಇಳಿದು, ದಣಪೆ ದಾಟಿ, ತೋಟದ ಅಂಚಿನಲ್ಲಿ ಮುಕ್ಕಾಲು ಕಿಲೋಮೀಟರ್ ಹೋದ ಮೇಲೆ ಸಿಗುತ್ತದೆ. ಲಾರಿ ಬೆಳಿಗ್ಗೆ ಏಳಕ್ಕೆ ರಸ್ತೆಯಲ್ಲಿ ನಿಂತಿತು. ಡ್ರೈವರ್ ಇಳಿದು ಕೆಸರಿಗೆ ಒಂದು ಕಾಲಿಟ್ಟ, ಚಪ್ಪಲಿ ಅಲ್ಲೇ ಉಳಿಯಿತು, ಕಾಲು ಮಾತ್ರ ವಾಪಸ್ ಬಂತು. ‘ಡೋರ್ ಅಂದ್ರೆ ಗಾಡಿ ಹೋಗೋ ತನಕ ಸಾರ್’ ಅಂದ.

ಈ ಸೀಮೆಯಲ್ಲಿ ಮನೆ ಖಾಲಿ ಮಾಡುವುದು ಹೊಸದೇನಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಎದ್ದು ಹಿನ್ನೀರು ಏರಿದಾಗ ಊರು ಬಿಟ್ಟವರ ಕಥೆಯನ್ನು ಹಿರಿಯರು ಹೇಳುತ್ತಿದ್ದರು: ಎತ್ತಿನಗಾಡಿಯಲ್ಲಿ ಜಂತಿ, ಹಂಚು, ಕೊನೆಗೆ ಕದ ಕೂಡ ಬಿಚ್ಚಿ ಹೇರಿಕೊಂಡು ಹೊರಟರಂತೆ. ಡೋರ್ ಡೆಲಿವರಿ ಅಂದರೆ ಅದು. ನಮ್ಮದರಲ್ಲಿ ಬಾಗಿಲು ಮೊದಲೇ ಊರಲ್ಲಿತ್ತು, ಸಾಮಾನು ಬರಲೊಲ್ಲದು.

ಬಾಕಿ 10,200 ಬರದೆ ಹಗ್ಗ ಬಿಚ್ಚುವುದಿಲ್ಲ ಎಂದ ಡ್ರೈವರ್. ಅವನ ತಪ್ಪಲ್ಲ, ಆಫೀಸಿನಿಂದ ಅಪ್ಪಣೆ ಬರಬೇಕು. ಕೊಡೋಣವೆಂದರೆ ಫೋನಿಗೆ ಸಿಗ್ನಲ್ ಇಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ದರೆಯ ಮೇಲಿನ ಹಲಸಿನ ಮರದ ಬುಡದಲ್ಲಿ, ಅದೂ ಶಿವಮೊಗ್ಗದ ದಿಕ್ಕಿಗೆ ಮುಖ ಮಾಡಿ ನಿಂತರೆ. ಒಂದು ಕೊಡೆ, ಇಬ್ಬರು ಗಂಡಸರು, ಮೇಲಿಂದ ಆರಿದ್ರೆ ಮಳೆ. ಪಿನ್ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಡ್ರೈವರ್ ನನ್ನ ಫೋನನ್ನೇ ನೋಡುತ್ತಿದ್ದ, ನಾನು ಅವನ ಫೋನನ್ನು. ನನ್ನ ಖಾತೆಯಿಂದ ದುಡ್ಡು ಹೋಗಿತ್ತು, ಅವರ ಖಾತೆಗೆ ಬಂದಿರಲಿಲ್ಲ. ಮಧ್ಯದಲ್ಲಿ ಎಲ್ಲೋ, ಬಹುಶಃ ಉಂಬ್ಳೇಬೈಲಿನ ಕಾಡಿನ ಮೇಲೆ, 10,200 ರೂಪಾಯಿ ನೆನೆಯುತ್ತ ನಿಂತಿತ್ತು.

ಇಂಥ ಸಮಯಕ್ಕೆ ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮ ಇದೆ: ಯುಪಿಐಯಲ್ಲಿ ಕಡಿತವಾದ ದುಡ್ಡು ಆ ಕಡೆ ಜಮೆ ಆಗದಿದ್ದರೆ ಮಾರನೆಯ ದಿನದೊಳಗೆ ತಾನಾಗಿ ವಾಪಸ್ ಬರಬೇಕು, ಆಮೇಲೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ. ನಿಯಮವನ್ನು ಡ್ರೈವರ್‌ಗೆ ವಿವರಿಸಿದೆ. ಅವನು ಕೊಡೆಯನ್ನು ತನ್ನ ಕಡೆಗೆ ಸ್ವಲ್ಪ ವಾಲಿಸಿಕೊಂಡ. ಇಪ್ಪತ್ತು ನಿಮಿಷದ ಮೇಲೆ ಅವನ ಫೋನು ಟಿಂಗ್ ಅಂದಿತು. ಆದ್ದರಿಂದ ಮೇಲಿನ ಸೂಚನೆಗೆ ತಿದ್ದುಪಡಿ: ಕೊನೆಯ ಕಂತಿನಷ್ಟು ನಗದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಂಡಿರಿ, ಕೊಟ್ಟ ಕೂಡಲೇ ಕಾಗದದ ಮೇಲೆ ಸಹಿ ಹಾಕಿಸಿ.

ಸ್ಥಳೀಯ ಮಾದರಿ

ರಸ್ತೆಯಿಂದ ಮನೆಗೆ ಸಾಮಾನು ತರಲು ನಾನು ಮೊದಲೇ ಊರಿನ ಪಿಕಪ್ ಹೇಳಿಟ್ಟಿದ್ದೆ. ಹಿಂದಿನ ವಾರ ಪಿಕಪ್ಪಿನವನ ಕೈಗೆ 500 ಹಾಕಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿದ. ‘ಎಂಥ ಅಣ್ಣಯ್ಯ, ನಿಮ್ಮ ಹತ್ರ ಅಡ್ವಾನ್ಸ್ ತಗೊಳ್ಳೂದಾ? ಎಂಟು ಗಂಟೆಗೆ ಅಲ್ಲಿರ್ತೇನೆ’ ಅಂದ. ನನಗೆ ಕಣ್ಣು ತುಂಬಿ ಬಂತು. ಬೆಂಗಳೂರಿನಲ್ಲಿ ಇಂಥ ಮಾತು ಕೇಳಿ ಎಷ್ಟು ಕಾಲವಾಯಿತು ಅಂದುಕೊಂಡೆ.

ಎಂಟಾಯಿತು, ಒಂಬತ್ತೂವರೆಯಾಯಿತು. ಜೂನ್ ಅಂದರೆ ಅಡಿಕೆಗೆ ಔಷಧಿ ಹೊಡೆಯುವ ಕಾಲ. ಯಾರೋ ಮೈಲುತುತ್ತ, ಸುಣ್ಣ ತರಲು ಅವನನ್ನು ಕೊಪ್ಪಕ್ಕೆ ಕರೆದೊಯ್ದಿದ್ದರು. ಅವರು ಹಿಂದಿನ ರಾತ್ರಿಯೇ 500 ಅಡ್ವಾನ್ಸ್ ಕೊಟ್ಟಿದ್ದರಂತೆ. ಅವರ ಹತ್ತಿರ ಹೇಗೆ ತೆಗೆದುಕೊಂಡೆ ಎಂದು ಆಮೇಲೆ ಕೇಳಿದ್ದಕ್ಕೆ, ‘ಅವರು ಪರಿಚಯ ಇಲ್ಲ ಅಣ್ಣಯ್ಯ’ ಅಂದ. ನ್ಯಾಯವಾದ ಉತ್ತರ. ಪರಿಚಯ ಇಲ್ಲದವರಿಗೆ ಸಂಚಕಾರ, ಪರಿಚಯದವರಿಗೆ ಅದೇ ಪದದ ಎರಡನೇ ಅರ್ಥ.

ಅತ್ತ ಲಾರಿಯವರು ಎರಡು ಗಂಟೆಯ ಮೇಲೆ ಹಾಲ್ಟಿಂಗ್ ಚಾರ್ಜ್ ಗಂಟೆಗೆ 500 ಎಂದು ಎಣಿಸುತ್ತಿದ್ದರು. ಪಿಕಪ್ ಹನ್ನೊಂದಕ್ಕೆ ಬಂತು, ಹಿಂದೆ ಇನ್ನೂ ಸುಣ್ಣದ ಪುಡಿ. ಅದರ ಮೇಲೆ ನಮ್ಮ ಹಾಸಿಗೆ, ಅದರ ಮೇಲೆ ತೂತು ಬಿದ್ದ ಟಾರ್ಪಾಲು. ಆದರೂ ಹೇಳಲೇಬೇಕು: ಆ ಕೆಸರಿನಲ್ಲಿ ಅವನು ಒಂಬತ್ತು ಟ್ರಿಪ್ ಹೊಡೆದ, ಬೀರುವನ್ನು ಅವನೂ ಅವನ ತಮ್ಮನೂ ಹೆಗಲ ಮೇಲೆ ಜಗಲಿಗೆ ಏರಿಸಿದರು, 41 ಕುಂಡದಲ್ಲಿ ಒಂದೂ ಒಡೆಯಲಿಲ್ಲ. ಒಡೆದದ್ದು ಬೆಂಗಳೂರಿನವರು ಬಬಲ್ ಶೀಟಿನಲ್ಲಿ ಮೂರು ಸುತ್ತು ಸುತ್ತಿದ್ದ ಡ್ರೆಸ್ಸಿಂಗ್ ಟೇಬಲ್ ಕನ್ನಡಿ.

ತೊಂದರೆ ನಿವಾರಣೆ

ಪೊಟ್ಟಣ ಬಿಚ್ಚುವಾಗಲೇ ಫೋಟೊ ತೆಗೆಯಿರಿ. ‘ಸಾಮಾನು ಸರಿಯಾಗಿ ತಲುಪಿದೆ’ ಎಂದು ಮೊದಲೇ ಅಚ್ಚಾಗಿರುವ ಸಾಲಿನ ಮೇಲೆ ‘ಕನ್ನಡಿ ಬಿಟ್ಟು’ ಎಂದು ಕೈಯಲ್ಲಿ ಬರೆದು ಸಹಿ ಹಾಕಿ. ಕೇಸು ಹಾಕುವ ಯೋಚನೆ ಇದ್ದರೆ ಸಾಮಾನು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರನಿಗೆ ಲಿಖಿತ ನೋಟಿಸ್ ಹೋಗಿರಬೇಕು. ಗ್ರಾಹಕ ಆಯೋಗಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. 2019ರ ಕಾಯ್ದೆಯ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ, ಅಂದರೆ ನಮಗೆ ಚಿಕ್ಕಮಗಳೂರಿನಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ನಂಬರು ಮರೆಯುವುದಿಲ್ಲ: 1915, ನಮ್ಮೂರಿಗೆ ಹೆಸರಿಟ್ಟ ವರ್ಷ.

ನಾನು ಫೋನ್ ಮಾಡಲಿಲ್ಲ. 5,760 ಉಳಿಸಿದ ಮನುಷ್ಯನ ಕೈಯಲ್ಲಿ ಬಿಲ್ ಇರಲಿಲ್ಲ. ವಾಟ್ಸಾಪ್‌ನ ಕೊಟೇಶನ್, ಮೂರು ಯುಪಿಐ ಸಂದೇಶ ಇಟ್ಟುಕೊಂಡೇ ಹೋರಾಡಬಹುದಿತ್ತು. ಆದರೆ ಕನ್ನಡಿಯ ಬೆಲೆ 1,800, ಹೆಂಡತಿ ಅದರ ಒಂದು ದೊಡ್ಡ ಚೂರನ್ನು ಬಚ್ಚಲುಮನೆಯ ಗೋಡೆಗೆ ಸಿಕ್ಕಿಸಿಯೂ ಆಗಿತ್ತು.

ಉಳಿದಿರುವ ಬಾಕಿ

ಪಿಕಪ್ಪಿನವನಿಗೆ 1,500 ಕೊಡಬೇಕು. ಲಕೋಟೆಯಲ್ಲಿ ಹಾಕಿ ಇಟ್ಟಿದ್ದೇನೆ. ಸಂತೆಯಲ್ಲಿ ಸಿಕ್ಕಾಗ ಕೊಡಲು ಹೋದೆ. ‘ಓಡಿ ಹೋಗ್ತೀರಾ ಅಣ್ಣಯ್ಯ, ಇರ್ಲಿ ಬಿಡಿ’ ಅಂದ. ಗಣಪತಿ ಹಬ್ಬಕ್ಕೆ ಮನೆಗೆ ಬಂದಾಗ ತೆಗೆದೆ. ಹಬ್ಬದ ದಿನ ದುಡ್ಡಾ ಅಂದ. ಈ ನಡುವೆ ಅವನ ಅಕ್ಕನ ಮಗಳ ಮದುವೆಗೆ ಸಾವಿರ ಮುಯ್ಯಿ ಹಾಕಿ ಬಂದಿದ್ದೇವೆ, ಅದು ಲೆಕ್ಕಕ್ಕೆ ಬರುವುದಿಲ್ಲ.

ಮೊನ್ನೆ ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ಪಿಕಪ್ ನಿಂತಿತು. ಅವನು ಪ್ಲಾಸ್ಟಿಕ್ ಚೀಲದಿಂದ ಒಂದು ಕಂತೆ ಕಾಗದ ತೆಗೆದು, ಅವನೇ ಹೊತ್ತು ತಂದಿಟ್ಟ ಊಟದ ಮೇಜಿನ ಮೇಲೆ ಹರಡಿದ. ‘ಅಣ್ಣಯ್ಯ, ನೀವು ಆಫೀಸಲ್ಲಿ ಇದ್ದವರಲ್ವಾ. ಪಹಣಿಯಲ್ಲಿ ನಮ್ಮಪ್ಪನ ಹೆಸರು ತಪ್ಪಿದೆ. ಒಂದು ಅರ್ಜಿ ಬರ್ಕೊಡಿ.’ ಬರೆದೆ. ಎರಡು ಪ್ರತಿ. ಹೊರಡುವಾಗ ಲಕೋಟೆ ಮುಂದೆ ಹಿಡಿದೆ. ಅವನು ಅದನ್ನೂ ನೋಡಿದ, ನನ್ನನ್ನೂ ನೋಡಿದ. ‘ಅದಕ್ಕೆಂಥ ಅರ್ಜೆಂಟು? ಇನ್ನೂ ಪೋಡಿ ಮಾಡಿಸೋದು ಬಾಕಿ ಉಂಟು’ ಎಂದು ಗಾಡಿ ಹತ್ತಿದ.