ಮೈನಸ್ ಕಂಬಿ

ಬೆಂಗಳೂರಿನ ಪೀಣ್ಯದ ಯಾವ ಸಣ್ಣ ಕಾರ್ಖಾನೆಗೇ ಹೋಗಿ, ಲೇತ್‌ಗಳ ಸದ್ದು ದಾಟಿ ಹಿಂದಕ್ಕೆ ನಡೆದರೆ ತಂತಿಬಲೆಯ ಬಾಗಿಲಿನ ಒಂದು ಕೋಣೆ ಸಿಗುತ್ತದೆ. ಒಳಗೆ ಸ್ಟೋರ್ ಕೀಪರ್. ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಪುಸ್ತಕ, ಮೇಜಿನ ಮೇಲೆ ಬಟ್ಟೆ ಹೊದ್ದ ಕಂಪ್ಯೂಟರ್. ಬಟ್ಟೆ ಧೂಳಿಗೆ ಅಂತ ಅವರು ಹೇಳುತ್ತಾರೆ. ಅದು ನಿಜವಲ್ಲ.

ಈ ಬರಹಗಾರ ಒಂದು ಕಾಲದಲ್ಲಿ ಇಂಥ ಕಾರ್ಖಾನೆಗಳಿಗೆ ಇಆರ್‌ಪಿ ಎಂಬ ಸಾಫ್ಟ್‌ವೇರ್ ಕೂರಿಸಲು ಲ್ಯಾಪ್‌ಟಾಪ್ ಹೊತ್ತು ತಿರುಗಿದವನು. ಖರೀದಿ, ದಾಸ್ತಾನು, ಉತ್ಪಾದನೆ, ಬಿಲ್ಲು ಎಲ್ಲ ಒಂದೇ ಕಡೆ ಸಿಗುತ್ತದೆ ಎಂದು ಯಜಮಾನರಿಗೆ ಬಣ್ಣಬಣ್ಣದ ಪರದೆ ತೋರಿಸಿ, ಮೂರೇ ತಿಂಗಳು ಸಾಕು ಎಂದು ಭಾಷೆ ಕೊಟ್ಟಿದ್ದ. ಒಂದು ಕಾರ್ಖಾನೆಯಲ್ಲಿ ಮಾತ್ರ ಅದು ಹದಿನಾಲ್ಕು ತಿಂಗಳಾಯಿತು. ಕಾರಣ, ಅಲ್ಲಿನ ಸ್ಟೋರಿನವರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲದಿದ್ದರೂ ಎಲ್ಲರ ಲೆಕ್ಕ ತಿದ್ದುತ್ತಿದ್ದುದರಿಂದ ಅವರಿಗೆ ಮೇಷ್ಟ್ರು ಎಂದೇ ಹೆಸರು.

ಜಗಳ ಶುರುವಾಗಿದ್ದು ಕಂಬಿಯಿಂದ. ಇಎನ್ 8 ಉಕ್ಕಿನ ಕಂಬಿ ಬರುವುದು ಕಿಲೋ ಲೆಕ್ಕದಲ್ಲಿ, ಕತ್ತರಿಸುವುದು ಮಿಲಿಮೀಟರಿನಲ್ಲಿ, ಗಿರಾಕಿಗೆ ಹೋಗುವುದು ಪೀಸಿನಲ್ಲಿ. ಸಾಫ್ಟ್‌ವೇರಿಗೆ ಇವೆಲ್ಲದರ ನಂಟು ಹೇಳಿಕೊಡಬೇಕು. ಬರಹಗಾರ ಕ್ಯಾಲ್ಕ್ಯುಲೇಟರ್ ತೆರೆಯುವಷ್ಟರಲ್ಲಿ ಮೇಷ್ಟ್ರು, “25 ಡಯಾ, ಮೀಟರಿಗೆ ಮೂರು ಎಂಬತ್ತಾರು” ಅಂದಿದ್ದರು. ಮಿಲಿಮೀಟರಿನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಅಂತ ಸಿಗುತ್ತದೆ. ಉಕ್ಕಿನ ಅಂಗಡಿಯ ಹುಡುಗರಿಗೂ ಗೊತ್ತಿರುವ ಈ ಸೂತ್ರ ಬಿ.ಇ. ಓದಿದ ಬರಹಗಾರನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಆಫೀಸಿನಲ್ಲಿ ಒಬ್ಬರು ‘ಇಎನ್8 ರೌಂಡ್ 25’ ಅಂತ, ಇನ್ನೊಬ್ಬರು ‘25 ಡಯಾ ಇಎನ್-8’ ಅಂತ, ಮತ್ತೊಬ್ಬರು ‘ಬಾರ್ 25 ಎಂಎಂ’ ಅಂತ ಅದೇ ಕಂಬಿಗೆ ಮೂರು ನಾಮಕರಣ ಮಾಡಿದ್ದರು. ಸರಕು ಒಂದು ಹೆಸರಿಗೆ ಜಮೆ, ಇನ್ನೊಂದು ಹೆಸರಿನಿಂದ ಖರ್ಚು. ಒಂದು ಬೆಳಗ್ಗೆ ಪರದೆ ಮೇಲೆ ಕೆಂಪಕ್ಷರದಲ್ಲಿ ಬಂತು: ಮೈನಸ್ 140 ಕಿಲೋ.

ಮೇಷ್ಟ್ರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಮೈನಸ್ ಕಂಬಿ ಎಲ್ಲಿಟ್ಟಿದೀರಾ ಸಾರ್? ತೋರಿಸಿ, ಲೇತಿಗೆ ಏರಿಸ್ತೀನಿ.”

ಆಮೇಲೆ ಕ್ಯಾಂಟೀನಿನಲ್ಲಿ ಬರಹಗಾರನ ಕಾಫಿ ಲೋಟ ಖಾಲಿಯಾದರೆ ಹುಡುಗರು “ಮೈನಸ್ ಕಾಫಿ” ಅನ್ನುವುದು ರೂಢಿಯಾಯಿತು.

ಜೋಸೆಫ್ ಓರ್ಲಿಕಿ ಎಂಬ ಎಂಜಿನಿಯರ್ 1975ರಲ್ಲಿ ಪುಸ್ತಕವಾಗಿ ಬರೆದ ಸಾಮಗ್ರಿ ಅಗತ್ಯದ ಯೋಜನೆ, ಅಂದರೆ ಎಂಆರ್‌ಪಿ ಲೆಕ್ಕವೇ ಈ ಸಾಫ್ಟ್‌ವೇರುಗಳ ತಾಯಿಬೇರು. ಎಷ್ಟು ಬೇಕು, ಎಷ್ಟಿದೆ, ಎಷ್ಟು ತರಿಸಬೇಕು. ಮಧ್ಯದ ಆ ‘ಎಷ್ಟಿದೆ’ ಪೀಣ್ಯದಲ್ಲಿ ಮೇಷ್ಟ್ರ ಜೇಬಿನಲ್ಲಿತ್ತು. ತಿದ್ದಿದ್ದರ ಜಾಡು ಅಳಿಸಲಾಗದಂತೆ ಉಳಿಸುವ ಲೆಕ್ಕದ ಸಾಫ್ಟ್‌ವೇರನ್ನೇ ಕಂಪನಿಗಳು ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಾಗ ಅವರು ನಕ್ಕುಬಿಟ್ಟರು. ಅವರ ಪುಸ್ತಕಕ್ಕೆ ಯಾವತ್ತೂ ಅಳಿಸುವ ರಬ್ಬರ್ ಸೋಕಿದ್ದಿಲ್ಲ. ತಪ್ಪಾದರೆ ಕೆಂಪು ಶಾಯಿಯಲ್ಲಿ ಅಡ್ಡಗೀಟು, ಪಕ್ಕದಲ್ಲಿ ಪುಟ್ಟ ಸಹಿ.

ಮೇಷ್ಟ್ರಿಗೆ ಬೇರೆ ಗುಣಗಳೂ ಇದ್ದವು. ಸ್ಲಿಪ್ಪಿಲ್ಲದೆ ಒಂದು ಡ್ರಿಲ್ ಬಿಟ್ಟೂ ಕೊಡುತ್ತಿರಲಿಲ್ಲ. ಹಳೆಯ ಬಿಟ್ಟು ವಾಪಸ್ ತಂದರಷ್ಟೇ ಹೊಸದು. ಯಜಮಾನರ ಮಗನಿಗೂ ಇದೇ ಕಾನೂನು.

ಒಂದು ಸಲ ಅವರು ಊರ ಜಾತ್ರೆಗೆಂದು ನಾಲ್ಕು ದಿನ ರಜೆ ಹಾಕಿ, ಪುಸ್ತಕವನ್ನು ಬರಹಗಾರನ ಕೈಗಿತ್ತು ಹೋದರು. ಕೋಟೆಯ ಬೀಗದಕೈ ಸಿಕ್ಕ ಹಿಗ್ಗಿನಲ್ಲಿ ತೆರೆದರೆ ‘ದಕಂ 6 ಮೂಲೆ’, ‘ಹಳೇಹುಡುಗ 2’. ದಕಂ ಎಂದರೆ ದಪ್ಪ ಕಂಬಿ ಎಂದು ತಿಳಿಯಲು ಅರ್ಧ ದಿನ ಬೇಕಾಯಿತು. ಹಳೇಹುಡುಗ ಯಾರೋ ಇವತ್ತಿಗೂ ಗೊತ್ತಿಲ್ಲ. ಬೇಕಾದ ಸರಕು ಸಿಗದೆ ಮೂರು ಮೆಷಿನ್ ನಿಂತ ಮೇಲೆ ಫೋನು ಮಾಡಿದರೆ ಆ ಕಡೆ ತಮಟೆಯ ಸದ್ದು. ಅದರ ನಡುವೆಯೇ ಮೇಷ್ಟ್ರ ದನಿ: “ಎರಡನೇ ರ‍್ಯಾಕು, ಕೆಳಗಿನ ಅರೆ, ಗೋಣಿಚೀಲ ಎತ್ತಿ ನೋಡಿ.” ಅಲ್ಲೇ ಇತ್ತು.

ಇಂಥ ನಾಲ್ಕು ದಿನಗಳಿಗಾಗಿಯೇ ಅಲ್ಲವೇ ಸಾಫ್ಟ್‌ವೇರ್ ಇರುವುದು ಎಂದು ವಾದ ಕಟ್ಟಿಕೊಂಡು ಕಾದಿದ್ದ ಬರಹಗಾರನಿಗೆ ಅದನ್ನು ಆಡುವ ಅವಕಾಶವೇ ಸಿಗಲಿಲ್ಲ. ವಾಪಸ್ ಬಂದವರು ಪ್ರಸಾದ ಕೊಟ್ಟು, ಪುಸ್ತಕ ಜೇಬಿಗೆ ಹಾಕಿಕೊಂಡು, “ನಾನು ರಿಟೈರ್ ಆದ್ಮೇಲೆ ಇದನ್ನ ಯಾರು ಓದ್ತಾರೆ ಸಾರ್?” ಎಂದರು. ಆವತ್ತು ಬಟ್ಟೆ ಸರಿಸಿ, ಒಂದೇ ಬೆರಳಲ್ಲಿ, ದಪ್ಪ ಕಂಬಿಯಿಂದಲೇ ಎಂಟ್ರಿ ಶುರುಮಾಡಿದರು. ಮೂರು ಹೆಸರುಗಳಲ್ಲಿ ಎರಡನ್ನು ತಾವೇ ತೆಗೆಸಿದರು.

ಮಾರ್ಚ್ 31ಕ್ಕೆ ದಾಸ್ತಾನು ಎಣಿಕೆ. ಸಾಫ್ಟ್‌ವೇರ್ ಮತ್ತು ಪುಸ್ತಕ ಮೊದಲ ಬಾರಿಗೆ ಒಂದೇ ಅಂಕಿ ಹೇಳಿದವು. ರ‍್ಯಾಕಿನಲ್ಲಿ ಮಾತ್ರ 23 ಕಿಲೋ ಕಡಿಮೆ. ಮೇಷ್ಟ್ರು ಆವತ್ತು ಊಟ ಮಾಡಲಿಲ್ಲ. ಸಂಜೆ ನಾಲ್ಕಕ್ಕೆ ತಟ್ಟನೆ ಎದ್ದು ಗೇಟಿಗೆ ನಡೆದರು. ಅಲ್ಲಿ ಮೂರು ಮೀಟರಿನ ಎರಡು ಕಂಬಿಗಳ ನಡುವೆ ಹಗ್ಗ ಎಳೆದು ವಾಚ್‌ಮನ್ ಬನಿಯನ್ ಒಣಹಾಕಿದ್ದ. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಲು ಮೇಷ್ಟ್ರೇ ಕೊಟ್ಟಿದ್ದು, ಸ್ಲಿಪ್ಪಿಲ್ಲದೆ.

“ಇದಕ್ಕೆ ಯಾವ ಎಂಟ್ರಿ ಸಾರ್?”

ಬರಹಗಾರ ಪಟ್ಟಿ ತೆರೆದ. ಉತ್ಪಾದನೆ, ಜಾಬ್ ವರ್ಕ್, ಸ್ಯಾಂಪಲ್, ಸ್ಕ್ರ್ಯಾಪ್, ವಾಪಸಾತಿ. ಕೆಳಗಿನವರೆಗೂ ಹೋಗಿ ಮತ್ತೆ ಮೇಲಕ್ಕೆ ಬಂದ. ಅವನಿನ್ನೂ ಹುಡುಕುತ್ತಿರುವಾಗಲೇ ಮೇಷ್ಟ್ರು ಕೆಂಪು ಪೆನ್ನು ತೆಗೆದು, ಪುಸ್ತಕದಲ್ಲಿ ‘ಬಾಳೆಕಂದಿಗೆ 2’ ಎಂದು ಬರೆದು, ಪಕ್ಕದಲ್ಲಿ ಪುಟ್ಟ ಸಹಿ ಹಾಕಿ, ಟಿಫಿನ್ ಡಬ್ಬಿ ಬಿಚ್ಚಿದರು.