ಸವಾರಿ ನನ್ನದು, ಗೊಬ್ಬರ ಅವಳದು

ನೆಲಮಂಗಲದಲ್ಲಿ ಕೋಗಿಲೆಯನ್ನು ನಂಬಿ ವಸಂತ ಬಂತೆಂದು ಹೇಳುವಂತಿಲ್ಲ. ತುಮಕೂರಿಗೊಂದು, ಕುಣಿಗಲ್ಲಿಗೊಂದು ಎಂದು ಹೆದ್ದಾರಿ ಕವಲೊಡೆಯುವ ಊರು ನಮ್ಮದು. ಕೋಗಿಲೆ ಪಂಚಮದಲ್ಲಿ ಎತ್ತಿಕೊಂಡರೆ ಮಂಗಳೂರಿನ ಲಾರಿ ಅದಕ್ಕೂ ಮೇಲಿನ ಸ್ಥಾಯಿಯಲ್ಲಿ ಉತ್ತರ ಕೊಡುತ್ತದೆ. ಹೊಂಗೆಯನ್ನಾದರೆ ನಂಬಬಹುದು. ಬೋಳಾಗಿದ್ದ ಮರ ಯುಗಾದಿಯ ಆಸುಪಾಸಿನಲ್ಲಿ ಎಣ್ಣೆ ಹಚ್ಚಿದಂತೆ ಮಿರುಗುವ ಎಲೆ ಬಿಟ್ಟಿತೆಂದರೆ ಮನೆಯಾಕೆ ಗುದ್ದಲಿ ಹುಡುಕುತ್ತಾಳೆ, ನಾನು ಬೂಟು ಹುಡುಕುತ್ತೇನೆ.

ಬೂಟು ಕುದುರೆ ಸವಾರಿಗೆ. ಅರವತ್ತು ದಾಟಿದವನು ಕುದುರೆ ಹತ್ತಿದರೆ ನೆಂಟರು ಏನೇನು ಅನ್ನಬಹುದೋ ಅಷ್ಟನ್ನೂ ಅಂದು ಮುಗಿಸಿದ್ದಾರೆ. 'ಕುದುರೆ ಕಂಡರೆ ಕಾಲುನೋವು' ಎಂಬ ಗಾದೆಯೂ ಬಂದುಹೋಗಿದೆ. ಆ ಗಾದೆ ಕಟ್ಟಿದವನು ಕುದುರೆ ಹತ್ತಿದವನಲ್ಲ. ನೋವು ಬರುವುದು ಕುದುರೆ ಕಂಡಾಗಲ್ಲ, ಇಳಿದಾಗ. ಅದೂ ಕಾಲಿಗಲ್ಲ, ಗಾದೆಯಲ್ಲಿ ಹೇಳಲಾಗದ ಜಾಗಕ್ಕೆ.

ನನ್ನನ್ನು ಹೊರುವುದು ನಿವೃತ್ತ ರೇಸುಕುದುರೆ. ಈ ಕುಲದವು ಎರಡು ವರ್ಷಕ್ಕೇ ಓಟಕ್ಕಿಳಿದು, ಹತ್ತು ತುಂಬುವುದರೊಳಗೆ ಮೈದಾನ ಬಿಡುತ್ತವೆ. ಅರವತ್ತರವರೆಗೆ ಫೈಲು ಹೊತ್ತ ನನಗೆ ಹೊಟ್ಟೆಕಿಚ್ಚು. ಈ ಕಡೆ ಕುದುರೆಯ ಕುಲಗೋತ್ರ ಕೇಳಿದರೆ ಕುಣಿಗಲ್ಲಿನ ಫಾರಂ ಹೆಸರು ಬಾರದೆ ಇರುವುದಿಲ್ಲ. ಟಿಪ್ಪುವಿನ ದಂಡಿಗೆ ಕುದುರೆ ಸಾಕಿ, ಆಮೇಲೆ ರೇಸಿಗೆ ಸಾಕಿದ ಜಾಗ ಅದು. ನನ್ನ ಕುದುರೆ ಲಾರಿಗೆ ಕಿವಿಯನ್ನೂ ಅಲುಗಿಸುವುದಿಲ್ಲ. ಬೇಲಿಗೆ ಸಿಕ್ಕಿದ ಪ್ಲಾಸ್ಟಿಕ್ ಕವರು ಕಂಡರೆ ಮಾತ್ರ ನಡುಗುತ್ತದೆ.

ರಾಗಿ ಕೊಯ್ದ ಹೊಲದ ಬದು, ನೀಲಗಿರಿ ತೋಪು, ಕೆರೆ ಏರಿ, ಇಷ್ಟು ನಮ್ಮ ದಾರಿ. ದೂರದಲ್ಲಿ ಶಿವಗಂಗೆ. ಆ ಬೆಟ್ಟ ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹಾವು ಎನ್ನುತ್ತಾರೆ. ಕುದುರೆಯ ಮೇಲಿಂದ ನೋಡಿದವನಿಗೆ ಅದು ಕುಪ್ಪಳಿಸುವ ಐದನೆಯ ಪ್ರಾಣಿ.

ಮನೆಯಾಕೆಯ ರಾಜ್ಯ ಮೂವತ್ತು–ನಲವತ್ತರ ಖಾಲಿ ಸೈಟು. ಬೀಜ, ಸಸಿಯ ವಿಷಯದಲ್ಲಿ ಅವಳಿಗೆ 1967ರಲ್ಲಿ ಶುರುವಾದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮಾತೇ ವೇದ. ಬೆಂಡೆಯಾದರೆ ಅರ್ಕಾ ಅನಾಮಿಕಾ, ಟೊಮೆಟೊ ಆದರೆ ಅರ್ಕಾ ರಕ್ಷಕ್. ಈ ರಕ್ಷಕ್ ಎಲೆಮುರುಟು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಪಕ್ಕದ ಮನೆ ಕೋಳಿಯನ್ನು ತಡೆಯುವ ತಳಿ ಇನ್ನೂ ಬಂದಿಲ್ಲ.

ಸವಾರಿ ಮುಗಿಸಿ ಬಂದ ನನ್ನನ್ನು ಅವಳು 'ಬಿದ್ದಿರಾ?' ಎಂದು ಕೇಳಿದವಳಲ್ಲ. 'ಚೀಲ ತುಂಬಿತಾ?' ಎನ್ನುತ್ತಾಳೆ. ಚೀಲವೆಂದರೆ ಲದ್ದಿಯ ಚೀಲ. ಮೊದಲು ನಾನು ಅದನ್ನು ನೇರ ಪಾತಿಗೆ ಸುರಿಯಲು ಹೊರಟಾಗ ಆಕೆ ಗುದ್ದಲಿ ಅಡ್ಡ ಹಿಡಿದಳು. ಹಸು ಮೆಲುಕು ಹಾಕಿ ಅರೆದು ನುಣ್ಣಗೆ ಮಾಡುತ್ತದೆ. ಕುದುರೆ ಮೆಲುಕು ಹಾಕುವ ಜಾತಿಯಲ್ಲ, ತಿಂದ ಹುಲ್ಲಿನ ಬೀಜ ಎಷ್ಟೋ ಸಲ ಮೊಳೆಯುವ ಸ್ಥಿತಿಯಲ್ಲೇ ಹೊರಬರುತ್ತದೆ. ಹಸಿ ಲದ್ದಿ ಹಾಕಿದರೆ ಟೊಮೆಟೊ ಜಾಗದಲ್ಲಿ ಹುಲ್ಲುಗಾವಲು ಎದ್ದೀತು. ಅದರ ಲಾಭ ಕುದುರೆಗೇ! ಹಾಗಾಗಿ ಉದುರಿದ ಹೊಂಗೆಯೆಲೆ ಬೆರೆಸಿ ಗುಡ್ಡೆ ಹಾಕಬೇಕು. ಗುಡ್ಡೆಯೊಳಗೆ ಕೈ ಇಟ್ಟರೆ ಬಿಸಿ ತಾಗುತ್ತದೆ. ಆ ಶಾಖಕ್ಕೆ ಬೀಜ ಸತ್ತು, ಕೆಲವು ತಿಂಗಳಿಗೆ ಕಪ್ಪು ಗೊಬ್ಬರವಾಗುತ್ತದೆ.

ಲಾಯದವನಿಗೂ ಪಾಲು ಸಲ್ಲಬೇಕು. ಅವನಿಗೆ ಬೆಂಡೆ, ಕುದುರೆಗೆ ಕ್ಯಾರೆಟ್. ಲಾಯದಲ್ಲಿ ಹುರುಳಿ ಬೇಯುವ ದಿನ ನಮ್ಮ ಮನೆಯಲ್ಲೂ ಹುರುಳಿ ಸಾರು. ಕುದುರೆಗೆ ಸಿಕ್ಕುವುದು ಕಾಳು, ನನಗೆ ಕಟ್ಟು. ಇಷ್ಟಾದ ಮೇಲೆ ಯಾರು ಯಾರನ್ನು ಸಾಕುತ್ತಿದ್ದಾರೆಂದು ಲೆಕ್ಕ ಹಾಕಲು ನಾನು ಹೋಗಿಲ್ಲ.

ಏಪ್ರಿಲ್ ನಡುವಿಗೆ ಅಶ್ವಿನಿ ಮಳೆಯ ಕಾಲ. ಕುದುರೆ ಮುಖದ ನಕ್ಷತ್ರವಾದ್ದರಿಂದ ಸವಾರರ ಪಕ್ಷವಿರಬೇಕಿತ್ತು. ಅದು ಬೆಂಡೆಯ ಪಕ್ಷ. ಹೋದ ವರ್ಷ ಚೆನ್ನಾಗಿಯೇ ಸುರಿದು ಏರಿಯ ದಾರಿಯೆಲ್ಲ ಕೆಸರಾಯಿತು, ಸವಾರಿ ನಿಂತಿತು. ನಾನು ಬೂಟು ಒರೆಸಿ ಅಟ್ಟಕ್ಕಿಟ್ಟೆ. ಮನೆಯಾಕೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಖಾಲಿ ಚೀಲ ಹಿಡಿದು ಲಾಯದ ಕಡೆ ಹೊರಟಳು.